ಬುಧನಿಗಾಗಿ ತಂದ ಏಣಿ

ಸಂಜೆ ಆರು ಗಂಟೆ ನಲವತ್ತೆಂಟು ನಿಮಿಷ. ಇದು ಅಂದಾಜಿನ ಮಾತಲ್ಲ. ಚಿತ್ರ ಶುರು ಮಾಡುವ ಮೊದಲು ಹಾಳೆಯ ಕೆಳಮೂಲೆಯಲ್ಲಿ ವೇಳೆ ಬರೆಯುವುದು ನನ್ನ ಅತ್ತಿಗೆಯ ಪದ್ಧತಿ. ಆ ಸಂಜೆ ಅವರ ಎರಡೂ ಕೈ ಏಣಿ ಹಿಡಿದಿದ್ದವು. ಹಾಗಾಗಿ ಬರೆದವಳು ನಾನು. ಕಪ್ಪು ಹಾಳೆಯ ಮೇಲೆ ಬಿಳಿ ಪೆನ್ಸಿಲಿನಲ್ಲಿ ಆ ಅಂಕಿಗಳನ್ನು ಬರೆದು ತಲೆ ಎತ್ತುವ ಹೊತ್ತಿಗೆ ಏಣಿಯ ತುದಿ ತಲೆಯ ಮೇಲಿನ ಕರೆಂಟ್ ತಂತಿಗೆ ತಾಗಿತು.

ನಮ್ಮದು ಮೂಡಿಗೆರೆಗೂ ಕೊಟ್ಟಿಗೆಹಾರಕ್ಕೂ ನಡುವೆ ಇರುವ ಸಣ್ಣ ಕಾಫಿ ತೋಟ. ಮನೆಯಲ್ಲಿ ಅಮ್ಮ, ಅಣ್ಣ, ಅತ್ತಿಗೆ ಮತ್ತು ನಾನು. ನಾನು ಬಿ.ಎಸ್ಸಿ., ಬಿ.ಎಡ್. ಮಾಡಿ ಮೂಡಿಗೆರೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ವಿದ್ಯುತ್ತಿನ ಪಾಠವೂ ಅದರಲ್ಲಿದೆ. ಅತ್ತಿಗೆ ಚಿತ್ರಕಲೆ ಓದಿದವರು, ಕಡೂರಿನ ಕಡೆಯವರು. ಒಂದೇ ಜಿಲ್ಲೆಯಾದರೂ ಅದು ಬಯಲುಸೀಮೆ. ಅಲ್ಲಿ ಮನೆಯ ಜಗಲಿಯಲ್ಲಿ ಕೂತರೆ ಆಕಾಶ ನೆಲಕ್ಕೆ ತಾಗುವ ಜಾಗ ಸುತ್ತಲೂ ಕಾಣುತ್ತದೆ. ಚಿಕ್ಕಂದಿನಿಂದಲೂ ಅವರು ಬರೆದದ್ದು ನಕ್ಷತ್ರ, ಗ್ರಹ, ಚಂದ್ರನ ಗುಳಿಗಳನ್ನೇ. ಮದುವೆಯಾಗಿ ನಮ್ಮಲ್ಲಿಗೆ ಬಂದ ಹೊಸದರಲ್ಲಿ ಒಂದು ಸಂಜೆ ತೋಟದ ನಡುವೆ ನಿಂತು ಅಣ್ಣನನ್ನು ಕೇಳಿದ್ದರಂತೆ:

"ಅಲ್ರೀ, ಆಕಾಶ ಎಲ್ಲಿಟ್ಟಿದೀರ?"

"ಮರಗಸಿ ಮಾಡಿದಾಗ ತೆಗೀತೀವಿ. ಮೇ ತಿಂಗಳ ತನಕ ತಡಕೋ ಮಾರಾಯ್ತಿ" ಎಂದಿದ್ದನಂತೆ ಅಣ್ಣ.

ಮರಗಸಿ ಎಂದರೆ ಕಾಫಿ ಗಿಡಗಳಿಗೆ ನೆರಳು ಕೊಡುವ ಮರಗಳ ಕೊಂಬೆ ಕಡಿದು ಬೆಳಕು ಬಿಡುವ ಕೆಲಸ. ಅತ್ತಿಗೆ ಮೇ ತಿಂಗಳವರೆಗೆ ಕಾಯಲಿಲ್ಲ. ಮರಗಳ ನಡುವಿನ ಸಂದು ಎಷ್ಟಿದೆಯೋ ಅಷ್ಟನ್ನೇ ಬರೆಯತೊಡಗಿದರು. ಎರಡು ಸಿಲ್ವರ್ ಓಕ್ ಮರಗಳ ನಡುವಿನ ಸಂದಿಗೆ ಯಾವ ಆಕಾರವಿದೆಯೋ ಅದೇ ಆಕಾರಕ್ಕೆ ಕಪ್ಪು ಹಾಳೆ ಕತ್ತರಿಸಿ, ಆ ಸಂದಿನಲ್ಲಿ ಕಂಡ ನಕ್ಷತ್ರಗಳನ್ನು ಮಾತ್ರ ಬಿಳಿ ಪೆನ್ಸಿಲಿನಲ್ಲಿ ಇಡುತ್ತಿದ್ದರು. ಒಂದು ಚಿತ್ರ ಹರಿದ ಲಂಗದ ಹಾಗಿತ್ತು, ಇನ್ನೊಂದು ಕೆಸುವಿನ ಎಲೆಯ ಹಾಗೆ. ಗಾಳಿಗೆ ಒಂದು ಕೊಂಬೆ ಬಿದ್ದರೆ ಅಲ್ಲಿ ಹೊಸ ಚಿತ್ರಕ್ಕೆ ಜಾಗವಾಗುತ್ತಿತ್ತು. ಪಕ್ಕದ ಹೋಂಸ್ಟೇಗೆ ಬಂದವರೊಬ್ಬರು ನಮ್ಮ ಹಾಲ್‌ನಲ್ಲಿ ಸಾಲಾಗಿ ತೂಗುಹಾಕಿದ್ದ ಈ ಹಾಳೆಗಳನ್ನು ನೋಡಿ, "ಇವೆಲ್ಲ ನಿಮ್ಮ ಜಮೀನಿನ ಸರ್ವೆ ನಕ್ಷೆಗಳಾ?" ಎಂದು ಅಮ್ಮನನ್ನು ಕೇಳಿದರು. "ಹೌದು, ಮೇಲಿನ ಜಮೀನು. ಖಾತೆ ಇನ್ನೂ ಆಗಿಲ್ಲ" ಎಂದರು ಅಮ್ಮ.

ಸಂದುಗಳಲ್ಲಿ ಕಾಣದೇ ಉಳಿದದ್ದು ಬುಧ. ಅದು ಸೂರ್ಯನನ್ನು ಬಿಟ್ಟು ದೂರ ಹೋಗುವ ಗ್ರಹವಲ್ಲ. ಸೂರ್ಯ ಹುಟ್ಟುವ ಮುಂಚೆ ಮೂಡಣದಲ್ಲಿ, ಇಲ್ಲವೇ ಮುಳುಗಿದ ಮೇಲೆ ಪಡುವಣದಲ್ಲಿ, ಸ್ವಲ್ಪ ಹೊತ್ತು ತೀರ ಕೆಳಗೆ ಕಾಣುತ್ತದೆ. ಆ ಎತ್ತರದಲ್ಲಿ ನಮಗೆ ಕಾಣುವುದು ಮರ ಮಾತ್ರ. ಶುಕ್ರ, ಗುರು, ಶನಿ ಎಲ್ಲವನ್ನೂ ಬರೆದಾಗಿತ್ತು. ಬುಧ ಒಂದು ಸಿಕ್ಕರೆ ಚಿಕ್ಕಮಗಳೂರಿನಲ್ಲಿ ಎಲ್ಲ ಚಿತ್ರಗಳನ್ನೂ ಒಟ್ಟಿಗೆ ಪ್ರದರ್ಶನಕ್ಕೆ ಇಡಬೇಕು ಎಂಬುದು ಅತ್ತಿಗೆಯ ಮನಸ್ಸಿನಲ್ಲಿತ್ತು. ಈ ವರ್ಷ ಕೊಯ್ಲಿನ ದಿನಗಳಲ್ಲೇ ಅದು ಸಂಜೆಯ ಆಕಾಶಕ್ಕೆ ಬಂತು. ಕಾಫಿ ಒಣಗಿಸುವ ಕಣದ ಪಡುವಣ ಮೂಲೆಯಲ್ಲಿ ಗೋಡೌನಿದೆ, ಅದರ ತಾರಸಿಯ ಮೇಲೆ ನೀರಿನ ಟ್ಯಾಂಕಿನ ಕಟ್ಟೆ. ಅಲ್ಲಿ ಹತ್ತಿ ಕೂತರೆ ಮರಗಳ ತುದಿಯ ಮೇಲಿನಿಂದ ಘಟ್ಟದ ಕಡೆಯ ಆಕಾಶ ಸಿಗುತ್ತದೆ. ಹತ್ತಲು ಮೆಣಸು ಕೊಯ್ಯುವ ಅಲ್ಯೂಮಿನಿಯಂ ಏಣಿ ಬೇಕಿತ್ತು. ಅದು ಕಣದ ಇನ್ನೊಂದು ಕೊನೆಯ ಶೆಡ್ಡಿನಲ್ಲಿತ್ತು.

ಇಲ್ಲಿ ಕಣದ ಬಗ್ಗೆ ಒಂದೆರಡು ಮಾತು ಹೇಳಬೇಕು, ಇಲ್ಲದಿದ್ದರೆ ನಡೆದದ್ದು ಅರ್ಥವಾಗುವುದಿಲ್ಲ.

ನಮ್ಮ ಕಣದ ಒಂದು ಮೂಲೆಯ ಮೇಲೆ ಪಂಪ್‌ಸೆಟ್ಟಿನ ಟ್ರಾನ್ಸ್‌ಫಾರ್ಮರಿಗೆ ಹೋಗುವ ಹೈ ಟೆನ್ಷನ್ ತಂತಿ ಹಾದುಹೋಗುತ್ತದೆ. ಅದು ಎಲ್ಲರಿಗೂ ಗೊತ್ತು. ಮೆಣಸಿನ ಕೊಯ್ಲು ಬಂದರೆ ಅಣ್ಣ ಆಳುಗಳಿಗೆ ಬೆಳಿಗ್ಗೆ ಬೆಳಿಗ್ಗೆ ಹೇಳುವ ಮೊದಲ ಮಾತೇ "ಏಣಿ ಮಲಗಿಸ್ಕೊಂಡು ಹೋಗಿ" ಎಂದು. ಆದರೆ ಆ ದಿನ ಕಣದ ತುಂಬ ಕಾಫಿ ಇತ್ತು. ಸಂಜೆಯಾದರೆ ಹರಡಿದ ಕಾಫಿಯನ್ನು ಎಳೆದು ಗುಡ್ಡೆ ಮಾಡಿ, ಇಬ್ಬನಿ ಬೀಳದ ಹಾಗೆ ಟಾರ್ಪಾಲು ಮುಚ್ಚುತ್ತೇವೆ. ಗುಡ್ಡೆಗಳ ನಡುವೆ ಒಬ್ಬರು ನಡೆಯುವಷ್ಟು ಓಣಿ ಇರುತ್ತದೆ, ಅದೂ ಸೊಟ್ಟಪಟ್ಟ. ಉದ್ದದ ಏಣಿಯನ್ನು ಮಲಗಿಸಿಕೊಂಡು ಅಲ್ಲಿ ತಿರುಗಲು ಆಗುವುದಿಲ್ಲ. ನಿಲ್ಲಿಸಿಕೊಂಡೇ ಹೋಗಬೇಕು.

ಎರಡನೆಯದು, ಕಣದಲ್ಲಿ ಚಪ್ಪಲಿ ಹಾಕುವಂತಿಲ್ಲ. ಕಾಳು ಒಡೆಯುತ್ತದೆ ಎನ್ನುವುದು ಕಾರಣ. ಅಮ್ಮನಿಗೆ ಅದಕ್ಕಿಂತ ಹೆಚ್ಚಾಗಿ, ಬೆಳೆಯನ್ನು ಮೆಟ್ಟಿದಂತಾಗುತ್ತದೆ ಎನ್ನುವುದು. ನಾವೆಲ್ಲ ಕಣದ ಅಂಚಿನಲ್ಲಿ ಚಪ್ಪಲಿ ಬಿಟ್ಟೇ ಒಳಗೆ ಹೋಗುತ್ತೇವೆ.

ಮೂರನೆಯದು ದೀಪ. ನಮ್ಮ ಕಡೆ ಕರೆಂಟ್ ಹೋದರೆ ಯಾವಾಗ ಬರುತ್ತದೆ ಎಂದು ಹೇಳುವವರಿಲ್ಲ. ಆ ದಿನ ಬೆಳಿಗ್ಗೆ ಘಟ್ಟದ ಹತ್ತಿರ ಎಲ್ಲೋ ಮರ ಬಿದ್ದು ಕರೆಂಟ್ ಹೋಗಿತ್ತು. ಗೋಡೌನಿನ ಗೋಡೆಯ ಮೇಲೆ ದೊಡ್ಡದೊಂದು ದೀಪವಿದೆ. ಅದರ ಸ್ವಿಚ್ಚನ್ನು ನಾವು ಆರಿಸುವುದೇ ಇಲ್ಲ. ದೀಪ ಹತ್ತಿದರೆ ಕರೆಂಟ್ ಬಂತು, ಆರಿದರೆ ಹೋಯಿತು. ಮನೆ ಮರಗಳ ಆಚೆ ಇರುವುದರಿಂದ ಕಣದಲ್ಲಿ ಇರುವವರಿಗೆ ಬೇರೆ ಯಾವ ಗುರುತೂ ಇಲ್ಲ. ಅಂದು ಸಂಜೆ ಅತ್ತಿಗೆ ಮೊದಲು ಗೋಡೌನಿಗೆ ಹೋಗಿ ಆ ಸ್ವಿಚ್ಚನ್ನು ಆರಿಸಿ ಬಂದರು. ಮಬ್ಬಿನಲ್ಲಿ ಅಷ್ಟು ಸಣ್ಣ ಚುಕ್ಕಿಯನ್ನು ಹುಡುಕುವಾಗ ತಟ್ಟನೆ ದೀಪ ಹತ್ತಿದರೆ ಕಣ್ಣು ಕೋರೈಸಿ ಮತ್ತೆ ಹದಕ್ಕೆ ಬರುವಷ್ಟರಲ್ಲಿ ಬುಧ ಮುಳುಗಿರುತ್ತದೆ. ಚಿತ್ರ ಬರೆಯುವವರಿಗೆ ಅದು ಸರಿಯಾದ ಲೆಕ್ಕ. ನಾವು ಮೂವರೂ, ಸ್ವಿಚ್ ಆರಿಸಿದ ಅತ್ತಿಗೆಯೂ ಅದನ್ನು ಮರೆತು, ದೀಪವಿಲ್ಲದ ಗೋಡೆ ನೋಡಿಕೊಂಡು, ಕರೆಂಟಿಲ್ಲ ಎಂದುಕೊಂಡು ಕಣಕ್ಕೆ ಇಳಿದೆವು. ಕರೆಂಟ್ ಬಂದು ಆಗಲೇ ಸ್ವಲ್ಪ ಹೊತ್ತಾಗಿತ್ತು. ಮನೆಯಲ್ಲಿ ಅಮ್ಮ ಟಿ.ವಿ. ಹಾಕಿಕೊಂಡು ಧಾರಾವಾಹಿ ನೋಡುತ್ತಿದ್ದರು.

ಅಣ್ಣ ಆಗಷ್ಟೇ ಕೆರೆಯ ಹತ್ತಿರ ಪೈಪು ಜೋಡಿಸಿ ಬಂದಿದ್ದ. ಮೊಣಕಾಲವರೆಗಿನ ಗಂಬೂಟು ಕಾಲಲ್ಲೇ ಇತ್ತು.

"ಬೂಟು ತೆಗೀರಿ. ಅಮ್ಮ ನೋಡಿದ್ರೆ ನಿಮ್ಮ ತಲೆ ಮೇಲೆ ಹೊರಿಸ್ತಾರೆ" ಎಂದರು ಅತ್ತಿಗೆ.

"ನಿನ್ನ ಬುಧ ಕಾಯ್ತಾನಾ? ಬೂಟು ತೆಗೆದು ಹಾಕೋದ್ರಲ್ಲಿ ಅವನು ಮಂಗಳೂರಿಗೆ ಇಳಿದುಬಿಡ್ತಾನೆ. ಹಿಡಿ ಮಾರಾಯ್ತಿ ಆ ಕಡೆ."

"ನಂಗೂ ಒಂದು ಕೈ ಕೊಡೋಕೆ ಬರಲ್ವಾ?" ಎಂದೆ ನಾನು.

"ನೀನು ಟೀಚರು. ಬೋರ್ಡ್ ಹಿಡ್ಕೊಂಡು ನಿಂತ್ಕೊ" ಎಂದ ಅಣ್ಣ.

ಅತ್ತಿಗೆ ನಕ್ಕರು. ಹಾಗಾಗಿ ನಾನು ಹಾಳೆ ಅಂಟಿಸಿದ ರಟ್ಟು ಹಿಡಿದು ಅಂಚಿನಲ್ಲಿ ನಿಂತೆ. ಅವರಿಬ್ಬರೂ ಏಣಿಯನ್ನು ನೆಟ್ಟಗೆ ನಿಲ್ಲಿಸಿಕೊಂಡು ಓಣಿಯಲ್ಲಿ ಹೊರಟರು. "ಟೈಮ್ ಬರಿ, ಮರೀಬೇಡ" ಎಂದು ಅತ್ತಿಗೆ ಕೂಗಿದರು. ನಾನು ಬರೆದೆ.

ಶಬ್ದ ಸಿಡಿಲಿನ ಹಾಗಿರಲಿಲ್ಲ. ಒದ್ದೆ ಬಟ್ಟೆಯನ್ನು ಕಲ್ಲಿಗೆ ಒಗೆದ ಹಾಗಿತ್ತು, ಅದರ ಹಿಂದೆಯೇ ಕಬ್ಬಿಣ ಉಜ್ಜಿದಂಥ ಒಂದು ಸದ್ದು. ನೀಲಿ ಬೆಳಕು ಬಂತು. ಅಣ್ಣ ಹಿಂದಕ್ಕೆ ಬಿದ್ದ. ಅತ್ತಿಗೆ ಪಕ್ಕಕ್ಕೆ, ಮುಚ್ಚಿದ ಕಾಫಿ ಗುಡ್ಡೆಯ ಇಳಿಜಾರಿನ ಮೇಲೆ ಬಿದ್ದರು. ಏಣಿ ಬೀಳಲಿಲ್ಲ. ಅದರ ತುದಿ ತಂತಿಗೆ ಸಿಕ್ಕಿಕೊಂಡು, ಬುಡ ಒಂದು ಗುಡ್ಡೆಗೆ ಆನಿಕೊಂಡು, ಓರೆಯಾಗಿ ನಿಂತಿತು. ಅತ್ತಿಗೆಯ ಕಾಲು ಅದರಿಂದ ಒಂದು ಮೊಳದಷ್ಟು ದೂರದಲ್ಲಿತ್ತು.

ಆಮೇಲಿನದ್ದು ನನಗೆ ದಿನವೂ ಕಾಣುತ್ತದೆ. ಯಾವಾಗಲೂ ಅದೇ ಕ್ರಮದಲ್ಲಿ. ಸದ್ದು ನಿಂತಿತ್ತು, ಅಂದರೆ ಲೈನ್ ಟ್ರಿಪ್ ಆಗಿ ಕರೆಂಟ್ ತಾನಾಗಿಯೇ ಕಡಿದಿತ್ತು. ಆದರೆ ಟ್ರಿಪ್ ಆದ ಲೈನನ್ನು ಕರೆಂಟ್ ಸಬ್‌ಸ್ಟೇಷನ್ನಿನವರು ಇನ್ನೊಮ್ಮೆ ಹಾಕಿ ನೋಡುವುದುಂಟು. ಕೊಂಬೆ ತಾಗಿ ಟ್ರಿಪ್ ಆಗುವುದು ನಮ್ಮಲ್ಲಿ ದಿನನಿತ್ಯದ ವಿಷಯ. ಹಾಕಿದರೆ ಏಣಿಗೆ ಮತ್ತೆ ಕರೆಂಟ್ ಬರುತ್ತದೆ. ಫೋನ್ ಮಾಡೋಣವೆಂದರೆ ಕಣದಲ್ಲಿ ನೆಟ್‌ವರ್ಕ್ ಇಲ್ಲ. ಗೇಟಿನ ತಿರುವಿಗೆ ಓಡಬೇಕು. ಅತ್ತಿಗೆಯನ್ನು ಅಲ್ಲೇ ಬಿಟ್ಟು ಓಡುವುದೋ, ಹತ್ತಿರ ಹೋಗಿ ಎಳೆಯುವುದೋ? ಶಾಲೆಯಲ್ಲಿ ನಾನೇ ಹೇಳಿಕೊಡುತ್ತೇನೆ: ಶಾಕ್ ಹೊಡೆದವರನ್ನು ಬರಿಗೈಯಲ್ಲಿ ಮುಟ್ಟಬಾರದು, ಒಣಮರದಿಂದ ದೂರ ಸರಿಸಬೇಕು. ಮಕ್ಕಳು ಅದನ್ನು ಎರಡು ಅಂಕಕ್ಕೆ ಬರೆಯುತ್ತಾರೆ. ಹೈ ಟೆನ್ಷನ್ ಆದರೆ ಒಣಮರವನ್ನೂ ನಂಬುವಂತಿಲ್ಲ, ಹತ್ತಿರ ಹೋಗುವುದೇ ಅಪಾಯ ಎನ್ನುವುದು ಪಾಠದಲ್ಲಿ ಇಲ್ಲ. ಅದು ನನಗೆ ಗೊತ್ತಿತ್ತು.

ಅವರು ಬಿದ್ದದ್ದು ಟಾರ್ಪಾಲಿನ ಮೇಲೆ. ಅದರ ಒಂದು ಮೂಲೆ, ಕಟ್ಟುವ ನೈಲಾನ್ ಹಗ್ಗದ ಸಮೇತ, ನನ್ನ ಕಡೆಗೆ ಇತ್ತು. ಅದರ ಮೇಲೆ ಹೇರಿಟ್ಟಿದ್ದ ಎರಡು ಕಲ್ಲುಗಳನ್ನು ಕಾಲಿನಿಂದ ದೂಡಿದೆ. ಹಗ್ಗ ಹಿಡಿದು ಎಳೆದೆ. ಮೊದಲು ಬರಲಿಲ್ಲ. ಕೂತುಕೊಂಡು, ಕಣದ ಅಂಚಿನ ಕಲ್ಲಿಗೆ ಹಿಮ್ಮಡಿ ಕೊಟ್ಟು ಎಳೆದೆ. ಟಾರ್ಪಾಲು ಜಾರಿತು, ಅದರೊಡನೆ ಅತ್ತಿಗೆಯೂ ಜಾರಿದರು, ಅವರ ಹಿಂದೆ ಕಾಫಿಯೂ ಜಾರಿತು. ಕಾಳು ಸುರಿಯುವ ಸದ್ದು ತುಂಬ ಹೊತ್ತು ಕೇಳಿದ ನೆನಪು. ಅಷ್ಟು ಹೊತ್ತಾಗಿರಲಾರದು. ಏಣಿಯಿಂದ ಸಾಕಷ್ಟು ದೂರ ಬಂದ ಮೇಲೆ ನಿಲ್ಲಿಸಿದೆ. ಅತ್ತಿಗೆ ಉಸಿರಾಡುತ್ತಿದ್ದರು. ಗೊರಕೆಯಂಥ ಉಸಿರು. ಬಲಗೈ ಮುಷ್ಟಿಯಾಗಿ ಮುಚ್ಚಿಕೊಂಡಿತ್ತು.

ಅಷ್ಟರಲ್ಲಿ ಅಣ್ಣ ಎದ್ದು ಕೂತು, "ಏಣಿ ಎಲ್ಲಿ, ಏಣಿ ಎಲ್ಲಿ" ಎಂದು ಕೇಳುತ್ತಿದ್ದ. ಏಣಿ ಹಿಡಿಯಲೆಂದು ಏಳಲು ನೋಡಿದ. "ಮುಟ್ಟಿದ್ರೆ ನಿನ್ನನ್ನ ನಾನೇ ಸಾಯಿಸ್ತೀನಿ, ಕೂತ್ಕೊ" ಎಂದು ಕಿರುಚಿ ಗೇಟಿಗೆ ಓಡಿದೆ. ಲೈನ್‌ಮ್ಯಾನ್ ನಂಬರ್ ನನ್ನಲ್ಲಿತ್ತು. ಅವರು ಎತ್ತಿದರು.

"ಲೈನ್ ಹಾಕ್ಬೇಡಿ. ನಮ್ಮ ಕಣದಲ್ಲಿ ಏಣಿ ತಂತಿಗೆ ಸಿಕ್ಕಿದೆ. ಜನ ಬಿದ್ದಿದಾರೆ. ಹಾಕ್ಬೇಡಿ."

"ಅಯ್ಯೋ ಮಾರಾಯ್ತಿ! ತಡಿ, ತಡಿ, ಕಟ್ ಮಾಡ್ಬೇಡ" ಎಂದವರು ಇನ್ನೊಂದು ಫೋನಿನಲ್ಲಿ ಯಾರಿಗೋ ಕೂಗಿದರು: "ಏ, ನಿಲ್ಸೋ! ಹಾಕ್ಬೇಡ, ಹಾಕ್ಬೇಡ!" ಆಮೇಲೆ ನನಗೆ ಹೇಳಿದರು: "ಈಗ ಹಾಕೋನಿದ್ದ."

ಆ ಮಾತು ನನ್ನ ಕಿವಿಯಲ್ಲಿ ಉಳಿಯಿತು.

ಪಕ್ಕದ ತೋಟದವರ ಜೀಪಿನಲ್ಲಿ ಮೂಡಿಗೆರೆಗೆ, ಅಲ್ಲಿಂದ ಆಂಬುಲೆನ್ಸಿನಲ್ಲಿ ಚಾರ್ಮಾಡಿ ಘಾಟಿ ಇಳಿದು ಮಂಗಳೂರಿಗೆ. ಅಣ್ಣನಿಗೆ ಅಂಗೈಯಲ್ಲಿ ಸಣ್ಣ ಸುಟ್ಟಗಾಯ, ಬೆನ್ನಿಗೆ ಪೆಟ್ಟು. ಹೃದಯದ ಪರೀಕ್ಷೆ ಮಾಡಿ, ಪಾರಾಗಿದ್ದೀರಿ ಎಂದರು. ಬೂಟಿನಿಂದಲೋ, ಏಣಿಯನ್ನು ಹಿಡಿದಿದ್ದ ರೀತಿಯಿಂದಲೋ, ಎರಡರಿಂದಲೋ, ಖಚಿತವಾಗಿ ಯಾರೂ ಹೇಳಲಿಲ್ಲ. ಅತ್ತಿಗೆಯ ಮೈಯಲ್ಲಿ ಕರೆಂಟ್ ಬಲ ಅಂಗೈಯಿಂದ ಹೊಕ್ಕು ಬರಿಗಾಲಿನಿಂದ ಹೊರಟಿತ್ತು. ಅಂಗಾಲಿನಲ್ಲಿ ಒಂದು ರಂಧ್ರ ಬಿದ್ದಿತ್ತು. ಜೀವಕ್ಕೆ ಭಯವಿಲ್ಲ ಎಂದು ಖಾತ್ರಿಯಾಗಲು ಕೆಲವು ದಿನ ಬೇಕಾಯಿತು. ಆಮೇಲೆ ಉಳಿದದ್ದು ಕೈಯ ಪ್ರಶ್ನೆ.

ಡಾಕ್ಟರು ಮಂಗಳೂರಿನವರು, ನಿಧಾನವಾಗಿ ಬಿಡಿಸಿ ಮಾತಾಡುವವರು. ಹಾಸಿಗೆಯ ಪಕ್ಕ ನಿಂತು, "ಎರಡು ಬೆರಳು ಉಳಿಯುವುದಿಲ್ಲ ಮಾರ್ರೆ. ಬಾಕಿ ಮೂರು ಉಳಿಸುವ ಪ್ರಯತ್ನ ಮಾಡ್ತೇವೆ" ಎಂದರು.

"ಯಾವ ಎರಡು?" ಎಂದರು ಅತ್ತಿಗೆ.

"ಕಿರುಬೆರಳು, ಉಂಗುರದ ಬೆರಳು."

ಅಣ್ಣ ಸಮಾಧಾನದ ಉಸಿರು ಬಿಟ್ಟ. ಪೆನ್ಸಿಲ್ ಹಿಡಿಯುವುದು ಉಳಿದ ಮೂರರಲ್ಲಿ ಎನ್ನುವುದು ಅವನ ಲೆಕ್ಕ. ನನ್ನದೂ ಅದೇ ಆಗಿತ್ತು. "ನೋಡು, ಬರೆಯೋ ಬೆರಳು ಇದಾವೆ" ಎಂದ.  ಡಾಕ್ಟರೂ ಅಣ್ಣನೂ ಹೊರಗೆ ಹೋದ ಮೇಲೆ ಅತ್ತಿಗೆ ನನ್ನನ್ನು ಹತ್ತಿರ ಕರೆದು ಹೇಳಿದರು: "ನಾನು ಬರೆಯೋದು ಕಿರುಬೆರಳಿನ ಮೇಲೆ ಕಣೇ. ಅದನ್ನ ಹಾಳೆ ಮೇಲೆ ಊರಿ, ಉಳಿದ ಕೈ ಎತ್ತಿ ಹಿಡೀತೀನಿ. ಅದು ಹೋದ್ರೆ ಕೈ ಎಲ್ಲಾ ಹಾಳೆ ಮೇಲೆ ಬಿತ್ತು ಅಂತಲೇ ಲೆಕ್ಕ. ಬಿಳಿ ಪೆನ್ಸಿಲ್ ಎಲ್ಲಾ ಒರಸಿ ಹೋಗುತ್ತೆ." ಹೇಳುವ ರೀತಿ, ಮನೆಯ ಯಾವುದೋ ಪಾತ್ರೆ ತೂತಾಗಿದೆ ಎನ್ನುವ ಹಾಗಿತ್ತು. "ನಿಮ್ಮಣ್ಣಂಗೆ ಹೇಳ್ಬೇಡ. ಈಗ ಸಮಾಧಾನದಲ್ಲಿದಾರೆ."

ನಾನು ಹೇಳಲಿಲ್ಲ. ಆದರೆ ಅವರು ಎಷ್ಟೋ ಸಲ ನನ್ನೆದುರು ಚಿತ್ರ ಬರೆದಿದ್ದರೂ ಆ ಬೆರಳನ್ನು ನಾನು ಗಮನಿಸಿಯೇ ಇರಲಿಲ್ಲ.

ಬೆರಳು ತೆಗೆದರು, ತೊಡೆಯ ಚರ್ಮ ತೆಗೆದು ಅಂಗೈಗೆ ಹಾಕಿದರು. ಮನೆಗೆ ಬರುವಾಗ ಕಾಫಿ ಹೂವು ಬಿಟ್ಟು ಉದುರಿಯೂ ಆಗಿತ್ತು. ಕಣ ಖಾಲಿಯಾಗಿತ್ತು. ಏಣಿಯನ್ನು ಲೈನ್‌ಮ್ಯಾನ್ ಇಳಿಸಿ ಶೆಡ್ಡಿನ ಹಿಂದೆ ಮಲಗಿಸಿ ಹೋಗಿದ್ದರು. ಅಣ್ಣ ಅದನ್ನು ಗುಜರಿಗೆ ಹಾಕಿ ಬಿದಿರಿನ ಏಣಿ ಕಟ್ಟಿಸಿದ.

ಇನ್ನು ನಿದ್ರೆಯ ವಿಷಯ. ಮನೆಯಲ್ಲಿ ಯಾರಿಗೂ ನಿದ್ರೆ ಇರಲಿಲ್ಲ, ಆದರೆ ಎಲ್ಲರೂ ಮಲಗುತ್ತಿದ್ದೆವು. ಕಣ್ಣು ಮುಚ್ಚಿದರೆ ನಾನು ಟಾರ್ಪಾಲು ಎಳೆಯುತ್ತಿದ್ದೆ. ಒಂದೊಂದು ಸಲ ಅದು ಬರುತ್ತಿತ್ತು, ಒಂದೊಂದು ಸಲ ಬರುತ್ತಿರಲಿಲ್ಲ. ಅದರ ಮೇಲೆ ಇಬ್ಬನಿ ಬಿದ್ದಿತ್ತೋ ಇಲ್ಲವೋ ಎಂಬುದು ನನಗೆ ಈಗಲೂ ನೆನಪಿಗೆ ಬರುವುದಿಲ್ಲ. ಒದ್ದೆಯಾಗಿದ್ದು, ಆಗಲೇ ಲೈನ್ ಹಾಕಿದ್ದರೆ ಹಗ್ಗ ಹಿಡಿದವಳ ಗತಿ ಏನು ಎಂದು ಯೋಚಿಸುತ್ತಿದ್ದೆ. ಶಾಲೆಯಲ್ಲಿ ವಿದ್ಯುತ್ತಿನ ಪಾಠ ಬಂದಾಗ ಅದನ್ನು ಮುಂದಕ್ಕೆ ಹಾಕಿ, ಸಸ್ಯಗಳ ಪಾಠ ಮೊದಲು ಮುಗಿಸಿದೆ.

ಅಣ್ಣ ಶರ್ಟಿನ ಜೇಬಿನಲ್ಲಿ ಟೆಸ್ಟರ್ ಇಟ್ಟುಕೊಳ್ಳತೊಡಗಿದ. ನಲ್ಲಿ, ಬಾಗಿಲ ಚಿಲಕ, ಬಟ್ಟೆ ಒಣಗಿಸುವ ತಂತಿ, ದನ ಕಟ್ಟುವ ಸರಪಳಿ, ಎಲ್ಲಕ್ಕೂ ತಾಗಿಸಿ ನೋಡುವನು. ರಾತ್ರಿ ಮೇನ್ ಸ್ವಿಚ್ ಆರಿಸಿ ಮಲಗುವನು. ಬೆಳಿಗ್ಗೆ ಫ್ರಿಜ್ಜಿನ ಹಾಲು ಒಡೆದಿರುತ್ತಿತ್ತು.

"ಏನೋ ಇದು? ನನ್ನ ಕೈಗೂ ಹಚ್ಚಿ ನೋಡು, ಕರೆಂಟ್ ಇರ್ಬಹುದು" ಎಂದರು ಅಮ್ಮ ಒಂದು ದಿನ, ಕೈ ಮುಂದೆ ಚಾಚಿ.

"ನಿಮ್ಮ ಬಾಯಿಗೆ ಹಚ್ಬೇಕು" ಎಂದ ಅಣ್ಣ. ಆಸ್ಪತ್ರೆಯಿಂದ ಬಂದ ಮೇಲೆ ಅತ್ತಿಗೆ ನಕ್ಕದ್ದು ಆಗಲೇ ಮೊದಲು.

ಅತ್ತಿಗೆಗೆ ಕೈಯ ವ್ಯಾಯಾಮ ಹೇಳಿದ್ದರು. ಉಳಿದ ಮೂರು ಬೆರಳುಗಳಿಂದ ಸಣ್ಣ ಸಣ್ಣ ವಸ್ತುಗಳನ್ನು ಎತ್ತಬೇಕು, ಇಡಬೇಕು. ಅಮ್ಮ ಮೊರದಲ್ಲಿ ಮೆಣಸಿನಕಾಳು ಹಾಕಿಕೊಟ್ಟರು. ಅತ್ತಿಗೆ ಕೂತು ಒಂದೊಂದನ್ನೇ ಎತ್ತಿ ಬಟ್ಟಲಿಗೆ ಹಾಕುವರು. ಅರ್ಧ ಕೆಳಗೆ ಬೀಳುವುವು. ಬೆರಳ ತುದಿಗೆ ಸ್ಪರ್ಶ ಗೊತ್ತಾಗುತ್ತಿರಲಿಲ್ಲ. ಹಿಡಿದಿದ್ದೇನೆಯೇ ಎಂದು ಕಣ್ಣಿನಿಂದಲೇ ನೋಡಬೇಕಿತ್ತು. ಒಂದು ದಿನ ಹಾಳೆ, ಪೆನ್ಸಿಲ್ ತೆಗೆದರು. ಮೇಜಿನ ಮುಂದೆ ಕೂತು ನೆನಪಿನಿಂದ ಕೃತ್ತಿಕೆಯ ಗೊಂಚಲನ್ನು ಇಡಲು ಹೋದರು. ಹೇಳಿದ ಹಾಗೆಯೇ ಆಯಿತು. ಅಂಗೈಯ ಅಂಚು ಹಾಳೆಯ ಮೇಲೆ ಕೂತು ಇಟ್ಟ ಚುಕ್ಕಿಯನ್ನೆಲ್ಲ ಎಳೆಯಿತು. ಹಾಳೆಯ ಮೇಲೆ ಉಳಿದದ್ದು ಬೂದಿ ಒರಸಿದಂಥ ಒಂದು ಪಟ್ಟೆ.

ಅಣ್ಣ ಅದನ್ನು ನೋಡಿದ. ಕಿರುಬೆರಳಿನ ವಿಷಯ ಅವನಿಗೆ ಗೊತ್ತಾದದ್ದು ಆಗಲೇ. ಕೊಟ್ಟಿಗೆಗೆ ಹೋಗಿ ಸಂಜೆಯವರೆಗೆ ಕೂತ. ಹಳೆಯ ಕಾಫಿ ಗಿಡದ ಬೊಡ್ಡೆಯಿಂದ, ಎರಡು ಕಾಲಿನ ಒಂದು ಪುಟ್ಟ ಮಣೆ ಮಾಡಿಕೊಂಡು ಬಂದ. ಹಾಳೆಗೆ ತಾಗದ ಹಾಗೆ ಕೈ ಇಟ್ಟುಕೊಳ್ಳಲು. ಅತ್ತಿಗೆ ಅದರ ಮೇಲೆ ಕೈ ಇಟ್ಟು ನೋಡಿದರು. ಕೈ ಅಲ್ಲಿ ಕೂರುತ್ತಿತ್ತು, ಆದರೆ ಚಲಿಸುತ್ತಿರಲಿಲ್ಲ.

"ಚೆನ್ನಾಗಿದೆ" ಎಂದರು.

"ಸುಳ್ಳು ಹೇಳ್ಬೇಡ."

"ಲಟ್ಟಣಿಗೆ ಇಡೋಕೆ ಚೆನ್ನಾಗಿದೆ ಅಂದೆ."

ಇನ್ನೊಂದು ಮಾಡಿದ. ಅದೂ ಆಗಲಿಲ್ಲ. ಮೂರನೆಯದನ್ನು ಮಾಡುವಾಗ ಉಳಿ ಜಾರಿ ಅವನ ಹೆಬ್ಬೆರಳೇ ಕುಯ್ದುಹೋಯಿತು. ಅಮ್ಮ ಅದಕ್ಕೆ ಕಾಫಿಪುಡಿ ಒತ್ತುತ್ತ, "ಈ ಮನೇಲಿ ಇನ್ನು ಎಷ್ಟು ಬೆರಳು ಲೆಕ್ಕ ಹಾಕ್ಬೇಕೋ" ಎಂದರು. ಅಲ್ಲಿಗೆ ಮಣೆಯ ಕೆಲಸ ನಿಂತಿತು. ಮನೆಯಲ್ಲಿ ಚಿತ್ರದ ಮಾತೂ ನಿಂತಿತು. ಹಾಲ್‌ನಲ್ಲಿದ್ದ ಹಾಳೆಗಳು ಹಾಗೇ ಇದ್ದವು. ಅತ್ತಿಗೆ ಅವುಗಳ ಮೇಲಿನ ದೂಳು ಒರೆಸುತ್ತಿದ್ದರು, ಕುರ್ಚಿಯ ದೂಳು ಒರೆಸಿದ ಹಾಗೆಯೇ. ಇನ್ನು ಬರೆಯುವುದಿಲ್ಲ ಎಂದು ಅವರು ಹೇಳಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ. ಹೇಳಲಿಲ್ಲ. ಏಣಿಯಿಂದ ಅವರನ್ನು ದೂರ ಎಳೆದದ್ದಾಯಿತು, ಎಲ್ಲಿಗೆ ಎಳೆದೆ ಎಂದು ನನಗೆ ರಾತ್ರಿ ಅನ್ನಿಸುತ್ತಿತ್ತು.

ಮಳೆ ಹಿಡಿಯುವ ಮುಂಚೆ ಗೋಡೌನಿಗೆ ಸುಣ್ಣ ಬಳಿಯುವುದು ನಮ್ಮಲ್ಲಿ ವಾಡಿಕೆ. ಈ ಸಲ ಒಳಗೋಡೆಯ ಪ್ಲಾಸ್ಟರ್ ಅಲ್ಲಲ್ಲಿ ಬಿದ್ದಿತ್ತು. ಒಂದು ಗೋಡೆಗೆ ಮಾತ್ರ ಅಣ್ಣ ಕಪ್ಪು ಸಿಮೆಂಟಿನ ಪಟ್ಟಿ ಹಾಕಿಸಿದ್ದ, ತೇವ ಬಾರದಿರಲಿ ಎಂದು. ಅದು ಒಣಗಿದಾಗ ದಟ್ಟ ಬೂದುಬಣ್ಣಕ್ಕೆ ತಿರುಗಿತು. ಆಳೆತ್ತರದ, ಅಗಲವಾದ ಪಟ್ಟಿ. ಅತ್ತಿಗೆ ಅಲ್ಲಿಗೆ ಹೋದದ್ದು ಕೆಲಸದವರಿಗೆ ಟೀ ಕೊಡಲು. ಮಳೆ ತಡವಾಗಿ ಶಾಲೆ ಆಗಲೇ ಶುರುವಾಗಿತ್ತು, ಭಾನುವಾರವಾದ್ದರಿಂದ ನಾನೂ ಜೊತೆಗಿದ್ದೆ. ಕೆಲಸದವರು ಟೀ ಕುಡಿದು ಹೊರಗೆ ಹೋದರು. ಸುಣ್ಣದ ಬಕೆಟ್ ಅಲ್ಲೇ ಇತ್ತು, ಅದರಲ್ಲಿ ಒಂದು ಸಣ್ಣ ಬ್ರಷ್. ಅತ್ತಿಗೆ ಬ್ರಷ್ಷನ್ನು ಎತ್ತಿದರು. ಮೂರು ಬೆರಳುಗಳ ನಡುವೆ ಸಿಕ್ಕಿಸಿಕೊಂಡು, ಕೈಯನ್ನು ಎಲ್ಲೂ ಊರದೆ, ಭುಜದಿಂದಲೇ ತೋಳು ಚಾಚಿ ಗೋಡೆಗೆ ಒಂದು ಚುಕ್ಕಿ ಇಟ್ಟರು.

ಚುಕ್ಕಿ ದುಂಡಗೆ ಬರಲಿಲ್ಲ. ಅಲ್ಪವಿರಾಮದ ಹಾಗೆ ಬಾಲ ಎಳೆಯಿತು. ಅದರ ಪಕ್ಕ ಇನ್ನೊಂದು ಇಟ್ಟರು. ಅದಕ್ಕೂ ಬಾಲ. ಒಂದು ಹೆಜ್ಜೆ ಹಿಂದೆ ಬಂದು ನೋಡಿದರು.  ಬ್ರಷ್ಷನ್ನು ಬಕೆಟ್ಟಿಗೆ ಹಾಕಿ ಹೊರಟುಹೋಗುತ್ತಾರೆ ಎಂದುಕೊಂಡೆ.

"ತೋಳಿಗೆ ಗೊತ್ತಿಲ್ಲ, ಕಲೀಬೇಕು" ಎಂದರು. ಮತ್ತೆ ಗೋಡೆಯ ಹತ್ತಿರ ಹೋದರು.

ಮಧ್ಯಾಹ್ನದ ಊಟಕ್ಕೆ ಬರಲಿಲ್ಲ. ಕೆಲಸದವರನ್ನು ಹೊರಗೋಡೆಗೆ ಕಳಿಸಿ ಒಳಗೇ ಇದ್ದರು. ಇಟ್ಟದ್ದನ್ನು ಒದ್ದೆ ಬಟ್ಟೆಯಿಂದ ಒರೆಸುವುದು, ಮತ್ತೆ ಇಡುವುದು. ಬ್ರಷ್ ಮೂರ್ನಾಲ್ಕು ಸಲ ಕೈಯಿಂದ ಬಿತ್ತು. ಬಿದ್ದಾಗೆಲ್ಲ ಎಡಗೈಯಿಂದ ಎತ್ತಿ ಬಲಗೈಗೆ ಸಿಕ್ಕಿಸಿಕೊಂಡರು. ನಾನು ಎತ್ತಿಕೊಡಲು ಹೋದರೆ, "ಸುಮ್ನೆ ಕೂತ್ಕೊಳೇ" ಎಂದರು. ನಾಲ್ಕು ಗಂಟೆಯ ಹೊತ್ತಿಗೆ ಗೋಡೆಯ ಮೇಲೆ ವೃಶ್ಚಿಕದ ಕೊಂಡಿ ಗುರುತು ಸಿಗುವಷ್ಟು ಬಂದಿತ್ತು. ಮೊದಲಿನ ಚಿತ್ರಗಳಲ್ಲಿ ಅದು ಬೆರಳುದ್ದ. ಇಲ್ಲಿ ಅವರ ತೋಳಿನಷ್ಟು ಉದ್ದ. ಚುಕ್ಕಿಗಳ ಬಾಲ ಸಣ್ಣದಾಗುತ್ತ ಬಂದಿತ್ತು, ಒಂದೆರಡಕ್ಕೆ ಇರಲೇ ಇಲ್ಲ.

ಅಣ್ಣ ಬಾಗಿಲಲ್ಲಿ ಬಂದು ನಿಂತ. ಊಟಕ್ಕೆ ಕರೆಯಲು ಬಂದವನು ಕರೆಯುವುದನ್ನು ಮರೆತು ನಿಂತಿದ್ದ.

"ಬಾಗ್ಲು ಬಿಟ್ಟು ನಿಲ್ರೀ, ಬೆಳಕಿಗೆ ಅಡ್ಡ ಬಂದ್ರಿ" ಎಂದರು ಅತ್ತಿಗೆ ಹಿಂತಿರುಗಿ ನೋಡದೆ.

ಅಣ್ಣ ಸರಿದು ನಿಂತ. ಅಲ್ಲಿಂದಲೇ ಕೇಳಿದ: "ಗೋಡೆ ಒಂದೇ ಸಾಕಾ?"

"ಇನ್ನೆಷ್ಟಿದೆ?"

"ಇನ್ನು ಮೂರಿದೆ. ಆದ್ರೆ ಕಾಫಿ ಮೂಟೆ ಎಲ್ಲಿಡ್ಲಿ?"

"ಅದು ನಿಮ್ಮ ತಲೆನೋವು."

ಅವನು ಹೊರಗೆ ಹೋಗಿ, ಉಳಿದ ಒಳಗೋಡೆಗಳಿಗೆ ಸುಣ್ಣ ಬಳಿಯಬೇಡಿ, ಅವಕ್ಕೂ ಕಪ್ಪು ಸಿಮೆಂಟೇ ಹಾಕಿಸೋಣ ಎಂದು ಕೆಲಸದವರಿಗೆ ಹೇಳುವುದು ಕೇಳಿಸಿತು. ಅವರಲ್ಲಿ ಒಬ್ಬ, "ಸಂಬಳ ಕೊಡ್ತೀರಲ್ಲ, ಬಳಿಯದಿದ್ರೂ?" ಎಂದ. "ಕೊಡ್ತೀನಿ ಮಾರಾಯ, ಮನೆಗೆ ಹೋಗು" ಎಂದ ಅಣ್ಣ.

ಆ ಸಂಜೆ ಅತ್ತಿಗೆಯ ಭುಜ ಊದಿಕೊಂಡಿತು. ಅಮ್ಮ ಬಿಸಿನೀರಿನ ಶಾಖ ಕೊಡುತ್ತ ಬೈದರು, ಅತ್ತಿಗೆ ಬೈಸಿಕೊಳ್ಳುತ್ತಲೇ ತೂಕಡಿಸಿದರು. ಊಟ ಮುಗಿಸಿ ನಾನು ಎಂದಿನಂತೆ ಮಲಗಿದೆ. ಎಂದಿನಂತೆ ಹಗ್ಗ ಕೈಗೆ ಬರುವುದನ್ನು ಕಾದೆ. ಆಮೇಲಿನದ್ದು ನೆನಪಿಲ್ಲ.

ಎಚ್ಚರವಾದದ್ದು ಅಮ್ಮ ಬಾಗಿಲು ಬಡಿದಾಗ. ಬಿಸಿಲು ಹಾಸಿಗೆಯ ಮೇಲೆ ಬಿದ್ದಿತ್ತು. ಶಾಲೆಯ ಬಸ್ಸು ಹೋಗಿಯಾಗಿತ್ತು.

"ಏನಾಗಿದೆಯೇ ನಿಮಗೆಲ್ಲ? ಅವರಿಬ್ಬರೂ ಎದ್ದಿಲ್ಲ, ನೀನೂ ಎದ್ದಿಲ್ಲ. ನಾನೊಬ್ಬಳೇ ಎರಡು ಸಲ ಕಾಫಿ ಮಾಡಿ ಎರಡು ಸಲವೂ ಕುಡಿದೆ" ಎಂದರು ಅಮ್ಮ.

ಅದು ಸೋಮವಾರ.